ಶಿಕಾಗೋ ಹಿತ್ತಲಿನ ಎರಡು ಬೆಂಕಿ

ಮೇ ತಿಂಗಳ ಕೊನೆಯ ಸೋಮವಾರ ಅಮೆರಿಕದಲ್ಲಿ ಮೆಮೋರಿಯಲ್ ಡೇ, ಯುದ್ಧಗಳಲ್ಲಿ ಮಡಿದ ಸೈನಿಕರನ್ನು ನೆನೆಯುವ ದಿನ. ಬೆಳಿಗ್ಗೆ ಸಮಾಧಿಗಳ ಮುಂದೆ ಪುಟ್ಟ ಪುಟ್ಟ ಬಾವುಟಗಳು ನಿಲ್ಲುತ್ತವೆ. ಸಂಜೆಯಾಗುತ್ತಲೇ ಮನೆಮನೆಯ ಹಿತ್ತಲಿನಿಂದ ಹೊಗೆ ಏಳುತ್ತದೆ. ಶಿಕಾಗೋ ನಗರದ ವಾಯವ್ಯಕ್ಕಿರುವ ಪ್ಯಾಲಟೈನ್, ಮೌಂಟ್ ಪ್ರಾಸ್ಪೆಕ್ಟ್‌ನಂಥ ಊರುಗಳಲ್ಲಿ ಆ ಸಂಜೆ ಕಿಟಕಿ ತೆರೆದು ಕುಳಿತರೆ ಸಾಕು, ಬೇಸಿಗೆ ಬಂತೆಂದು ಮೂಗಿಗೇ ಗೊತ್ತಾಗುತ್ತದೆ. ಹಿಮ ಕರಗಿ, ಚಳಿಗಾಳಿ ತಗ್ಗಿ, ಮೇಪಲ್ ಮರಗಳು ಎಳೆಹಸಿರು ಹೊದ್ದಿವೆ. ಆಗಷ್ಟೇ ಕತ್ತರಿಸಿದ ಹುಲ್ಲಿನ ಹಸಿ ವಾಸನೆಯ ಮೇಲೆ ಸುಡುವ ಕೊಬ್ಬಿನ ಘಮ ತೇಲಿ ಬರುತ್ತದೆ. ಎಂಟು ಗಂಟೆಯಾದರೂ ಬೆಳಕು ಪೂರ್ತಿ ಆರಿರುವುದಿಲ್ಲ. ಇಲ್ಲಿಂದ ಮುಂದೆ ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇವರೆಗೆ ಎಷ್ಟೋ ಮನೆಗಳ ರಾತ್ರಿಯೂಟ ಬೇಯುವುದು ಮನೆಯ ಹೊರಗೇ.

ಒಂದೇ ಮರದ ಬೇಲಿಯ ಎರಡು ಮಗ್ಗುಲಿಗೆ ಎರಡು ಹಿತ್ತಲು. ಈಚೆ ಮನೆಯಾಕೆ ಆಸ್ಪತ್ರೆಯಲ್ಲಿ ನರ್ಸ್. ಹಗಲು ಪಾಳಿ ಮುಗಿಸಿ ಈಗಷ್ಟೇ ಬಂದಿದ್ದಾರೆ. ಮಕ್ಕಳು ಹಸಿದಿವೆ. ಗ್ಯಾಸ್ ಗ್ರಿಲ್‌ನ ಮುಚ್ಚಳ ಎತ್ತಿದರು, ಸಿಲಿಂಡರಿನ ವಾಲ್ವ್ ತೆರೆದರು, ಬರ್ನರ್ ತಿರುವಿ ಗುಂಡಿ ಒತ್ತಿದರು. ಟಿಕ್, ಟಿಕ್, ಟಿಕ್, ಭುಸ್! ಕಂಬಿಗಳ ಕೆಳಗೆ ಉದ್ದಕ್ಕೂ ನೀಲಿ ಜ್ವಾಲೆಯ ಸಾಲು. ಮೂರೂ ಬರ್ನರ್ ಹೊತ್ತಿಸಿ ಮುಚ್ಚಳ ಮುಚ್ಚಿ ಒಳಗೆ ಹೋದರು. ಮುಚ್ಚಳದ ಮೇಲಿನ ಉಷ್ಣಮಾಪಕದ ಮುಳ್ಳು ಏರತೊಡಗಿತು. 15 ನಿಮಿಷದಲ್ಲಿ ಕಂಬಿ ಕಾದು ಸಿದ್ಧ. ಅಷ್ಟರಲ್ಲಿ ಅವರು ಬಟ್ಟೆ ಬದಲಿಸಿ, ಮಾಂಸದ ಮೇಲಿನ ತೇವವನ್ನು ಕಾಗದದಿಂದ ಒತ್ತಿ ತೆಗೆದು, ಉಪ್ಪು ಮೆಣಸಿನಪುಡಿ ಉದುರಿಸಿಕೊಂಡು ತಟ್ಟೆ ಹಿಡಿದು ಬರುತ್ತಾರೆ.

ಬೇಲಿಯಾಚೆ ಕೆಲಸದಿಂದ ನಿವೃತ್ತರಾದ ಅಜ್ಜ, ಅವರ ಪಕ್ಕ ಎಂಟೊಂಬತ್ತು ವರ್ಷದ ಮೊಮ್ಮಗ. ಅಜ್ಜನ ಮುಂದಿರುವುದು ಮೂರು ಕಾಲಿನ, ಗುಂಡನೆಯ ಕಪ್ಪು ಗ್ರಿಲ್. ಅವರು ಮೊದಲು ತಗಡಿನ ಚಿಮಣಿಯೊಂದನ್ನು ತೆಗೆದುಕೊಂಡರು. ಅದರ ತಳದಲ್ಲಿ ಹಳೆಯ ಪತ್ರಿಕೆಯ ಹಾಳೆ ಮುದುರಿಟ್ಟು, ಮೇಲೆ ಇದ್ದಿಲು ತುಂಬಿ, ಕಡ್ಡಿ ಗೀರಿದರು. ಮೊದಲಿಗೆ ದಟ್ಟ ಬಿಳಿಹೊಗೆ, ಕಣ್ಣುರಿ. ಆಮೇಲೆ ಒಳಗೆಲ್ಲೋ ಚಟಪಟ. ಚಿಮಣಿ ಕೆಳಗಿನಿಂದ ಗಾಳಿ ಸೆಳೆದು ಬೆಂಕಿಯನ್ನು ಮೇಲಕ್ಕೆಳೆಯುತ್ತದೆ.

‘ಅಜ್ಜ, ಈಗ ಇಡೋಣ್ವಾ?’

‘ತಡಿಯೋ, ಮೇಲಿನದಿನ್ನೂ ಕಪ್ಪಗಿದೆ ನೋಡು. ಎಲ್ಲದಕ್ಕೂ ಬೂದಿ ಬರಲಿ.’

20 ನಿಮಿಷ ಕಳೆದ ಮೇಲೆ ಚಿಮಣಿಯ ಬಾಯಲ್ಲಿ ಕಿತ್ತಳೆ ಬಣ್ಣ ಮೂಡಿತು, ಮೇಲಿನ ತುಂಡುಗಳ ಅಂಚು ಬೆಳ್ಳಗಾಯಿತು. ಅಜ್ಜ ದಪ್ಪ ಕೈಗವಸು ತೊಟ್ಟು ಕೆಂಡವನ್ನೆಲ್ಲ ಗ್ರಿಲ್‌ನ ಒಂದೇ ಪಕ್ಕಕ್ಕೆ ಸುರಿದರು. ಕಿಡಿಗಳು ಸುರುಳಿ ಸುತ್ತುತ್ತ ಮೇಲೆ ಹಾರಿದವು, ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಅರ್ಧ ಜಾಗದಲ್ಲಿ ನಿಗಿನಿಗಿ ಕೆಂಡ, ಇನ್ನರ್ಧ ಖಾಲಿ. ಕೆಂಡದ ಮೇಲೆ ಕಂದಿಸಬೇಕು, ಖಾಲಿಯಿರುವ ಕಡೆ ನಿಧಾನವಾಗಿ ಬೇಯಿಸಬೇಕು. ದನದ ಮಾಂಸದ ಹೋಳಾದ ಸ್ಟೀಕನ್ನು ಸುಡುವ ವಿದ್ಯೆಯ ಅರ್ಧಭಾಗ ಈ ಹಂಚಿಕೆಯಲ್ಲೇ ಇದೆ.

ಈ ನೋಟವನ್ನು ಶಿಕಾಗೋದಲ್ಲೇ ನೋಡಬೇಕು. ಅಮೆರಿಕದ ಮಾಂಸದ ವ್ಯಾಪಾರಕ್ಕೆ ಹಲವು ದಶಕಗಳ ಕಾಲ ಕೇಂದ್ರವಾಗಿದ್ದದ್ದು ಈ ನಗರ. 1865ರಲ್ಲಿ ತೆರೆದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ಜಾನುವಾರು ಮಾರುಕಟ್ಟೆಗೆ ಪಶ್ಚಿಮದ ಹುಲ್ಲುಗಾವಲುಗಳಿಂದ ರೈಲುಗಟ್ಟಲೆ ದನ, ಹಂದಿ, ಕುರಿಗಳು ಬಂದಿಳಿಯುತ್ತಿದ್ದವು. 1971ರಲ್ಲಿ ಅದು ಮುಚ್ಚಿತು. ಸುಣ್ಣಕಲ್ಲಿನ ಹೆಬ್ಬಾಗಿಲು ಮಾತ್ರ ಇಂದಿಗೂ ನಿಂತಿದೆ, ಅದರ ಕಮಾನಿನ ಮೇಲೆ ಕಲ್ಲಿನಲ್ಲಿ ಕಡೆದ ಎತ್ತಿನ ತಲೆ. ಸುತ್ತಲಿನ ಇಲಿನಾಯ್, ಅಯೋವಾ ರಾಜ್ಯಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಮುಸುಕಿನ ಜೋಳದ ಹೊಲ. ಆ ಜೋಳ ತಿಂದು ಕೊಬ್ಬಿದ ದನದ ಮಾಂಸದೊಳಗೆ ಬಿಳಿಯ ಸಣ್ಣ ಸಣ್ಣ ಗೆರೆಗಳು ಹರಡಿರುತ್ತವೆ. ಆ ಕೊಬ್ಬಿನ ಗೆರೆಗಳು ಎಷ್ಟು ಒತ್ತಾಗಿವೆ ಎಂಬುದನ್ನು ಮುಖ್ಯವಾಗಿ ನೋಡಿ ಸರ್ಕಾರದ ಕೃಷಿ ಇಲಾಖೆ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂದು ದರ್ಜೆ ಕೊಡುತ್ತದೆ. ಸ್ಟೀಕ್‌ನ ರುಚಿ ಬಹುಮಟ್ಟಿಗೆ ಈ ಕೊಬ್ಬಿನ ಕತೆ.

ಬೇಲಿಯ ಎರಡೂ ಕಡೆಯ ಒಲೆಗಳು ಹುಟ್ಟಿದ್ದೂ ಇದೇ ಸೀಮೆಯಲ್ಲಿ. ಶಿಕಾಗೋದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಕಾರ್ಖಾನೆಯಲ್ಲಿ ಜಾರ್ಜ್ ಸ್ಟೀಫನ್ ಕೆಲಸ ಮಾಡುತ್ತಿದ್ದರು. ಅಲ್ಲಿ ನೀರಿನ ಮೇಲೆ ತೇಲುವ ಲೋಹದ ಬೋಯೆಗಳು ತಯಾರಾಗುತ್ತಿದ್ದವು. ಆ ಕಾಲದ ಹಿತ್ತಲಿನ ಗ್ರಿಲ್‌ಗಳು ತೆರೆದ ತಟ್ಟೆಗಳು. ಗಾಳಿ ಬಂದರೆ ಬೂದಿ ಹಾರಿ ಮಾಂಸದ ಮೇಲೆ, ಮಳೆ ಬಂದರೆ ಊಟವೇ ಹಾಳು. 12 ಮಕ್ಕಳ ತಂದೆಯಾಗಿದ್ದ ಸ್ಟೀಫನ್‌ಗೆ ಆ ಕಷ್ಟ ಚೆನ್ನಾಗಿಯೇ ಗೊತ್ತಿತ್ತು. 1952ರಲ್ಲಿ ಅವರು ಬೋಯೆಯೊಂದರ ಅರ್ಧಗೋಳಕ್ಕೆ ಮೂರು ಕಾಲು ಜೋಡಿಸಿ, ಇನ್ನರ್ಧವನ್ನು ಮುಚ್ಚಳ ಮಾಡಿದರು. ಮೇಲೆ ಕೆಳಗೆ ಗಾಳಿಕಿಂಡಿ ಇಟ್ಟರು. ಕಿಂಡಿ ಅಗಲಿಸಿದರೆ ಬೆಂಕಿ ಏರುತ್ತದೆ, ಕಿರಿದಾಗಿಸಿದರೆ ತಗ್ಗುತ್ತದೆ, ಪೂರ್ತಿ ಮುಚ್ಚಿದರೆ ಕೆಂಡ ನಂದಿ ಉಳಿದ ಇದ್ದಿಲು ನಾಳೆಗೂ ಆಗುತ್ತದೆ. ಇಂದು ಜಗತ್ತಿಗೆಲ್ಲ ಗುರುತಿರುವ ವೆಬರ್ ಕೆಟಲ್ ಅದೇ.

ಆ ಅರ್ಧಗೋಳಕ್ಕೆ ಬೀಳುವ ದಿಂಬಿನಾಕಾರದ ಇದ್ದಿಲ ಬಿಲ್ಲೆಗಳು ಬಂದದ್ದು ಕಾರಿನ ಕಾರ್ಖಾನೆಯಿಂದ. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರಿಗೆ ಆಗ ಮರವೂ ಬೇಕಿತ್ತು. ಮಿಶಿಗನ್ ರಾಜ್ಯದ ಉತ್ತರ ಭಾಗದ ಐರನ್ ಮೌಂಟನ್ ಬಳಿ ಫೋರ್ಡ್ ಕಾಡು ಕೊಂಡು ಮರದ ಕಾರ್ಖಾನೆ ಕಟ್ಟಿಸಿದ. ರಾಶಿ ಬಿದ್ದ ಹೊಟ್ಟು, ಚಕ್ಕೆಗಳನ್ನು 1920ರ ದಶಕದಲ್ಲಿ ಸುಟ್ಟು ಇದ್ದಿಲು ಮಾಡಿ, ಪಿಷ್ಟ ಬೆರೆಸಿ ಬಿಲ್ಲೆ ಒತ್ತಿಸಿದ. ಅವು ಫೋರ್ಡ್ ಕಾರಿನ ಅಂಗಡಿಗಳಲ್ಲೇ ಮಾರಾಟವಾದವು. ಕಾಡು ಕೊಳ್ಳುವುದಕ್ಕೆ ನೆರವಾದ ನೆಂಟ ಎಡ್ವರ್ಡ್ ಕಿಂಗ್ಸ್‌ಫರ್ಡ್‌ನ ಹೆಸರನ್ನು ಪಕ್ಕದ ಊರಿಗಿಟ್ಟರು, ಮುಂದೆ ಆ ಇದ್ದಿಲಿಗೂ ಅದೇ ಹೆಸರು ನಿಂತಿತು.

ಗ್ಯಾಸ್ ಒಲೆಯ ಮೂಲ ಬೆಳಕಿನಲ್ಲಿದೆ. ವಿಸ್ಕಾನ್ಸಿನ್ ಗಡಿಗೆ ಹತ್ತಿರದ ಇಲಿನಾಯ್‌ನ ಆಂಟಿಯೋಕ್ ಊರಿನಲ್ಲಿ ವಾಲ್ಟರ್ ಕೋಜಿಯಲ್ ಅವರ ಮಾಡರ್ನ್ ಹೋಮ್ ಪ್ರಾಡಕ್ಟ್ಸ್ ಎಂಬ ಕಂಪನಿ ಅಂಗಳದ ಗ್ಯಾಸ್ ದೀಪಗಳನ್ನು ತಯಾರಿಸುತ್ತಿತ್ತು. ದೀಪಕ್ಕೆಂದು ಹಿತ್ತಲಿಗೆ ಬಂದ ಗ್ಯಾಸ್ ಕೊಳವೆಯಲ್ಲಿ ಅಡುಗೆಯನ್ನೂ ಮಾಡಬಹುದೆಂದು 1960ರ ಸುಮಾರಿಗೆ ಅವರು ಮನೆಬಳಕೆಯ ಗ್ಯಾಸ್ ಗ್ರಿಲ್ ಹೊರತಂದರು. ಆಮೇಲೆ ಪ್ರೊಪೇನ್ ಸಿಲಿಂಡರ್ ಜೊತೆಯಾಯಿತು, ಒಲೆಗೆ ಚಕ್ರ ಬಂತು. ಇಂದು ಪೆಟ್ರೋಲ್ ಬಂಕ್, ದಿನಸಿ ಅಂಗಡಿಗಳ ಮುಂದೆ ಕಬ್ಬಿಣದ ಬಲೆಯ ಕಪಾಟಿನಲ್ಲಿ ಬಿಳಿ ಸಿಲಿಂಡರುಗಳು ಸಾಲಾಗಿ ನಿಂತಿರುತ್ತವೆ. ಖಾಲಿಯಾದದ್ದನ್ನು ಕೊಟ್ಟು ತುಂಬಿದ್ದನ್ನು ಕಾರಿಗೆ ಹಾಕಿಕೊಂಡು ಬಂದರಾಯಿತು.

ಈಗ ಬೇಲಿಯ ಎರಡೂ ಕಡೆ ಸ್ಟೀಕ್ ಕಂಬಿಯ ಮೇಲೆ ಬಿದ್ದಿದೆ. ಎರಡೂ ರಿಬ್‌ಐ, ಪಕ್ಕೆಲುಬಿನ ಭಾಗದ ಕೊಬ್ಬಿರುವ ತುಂಡು, ಒಂದೂವರೆ ಅಂಗುಲ ದಪ್ಪ. ಎರಡೂ ಕಡೆ ಚುರ್ರೆನ್ನುವ ಸದ್ದು. ಆದರೆ ಕಿವಿಗೊಟ್ಟರೆ ಬೇಲಿಯಾಚೆಯ ಸದ್ದು ಹೆಚ್ಚು ಗಟ್ಟಿ, ಹೆಚ್ಚು ಬಿರುಸು. ಅಜ್ಜ ಅಲ್ಲಿಂದ ಕದಲುವುದಿಲ್ಲ, ಇಕ್ಕಳ ಕೈಯಲ್ಲೇ ಇದೆ. ಕೊಬ್ಬು ಕರಗಿ ತೊಟ್ಟಿಕ್ಕುತ್ತದೆ, ಕೆಂಡದ ಮೇಲೆ ಬಿದ್ದಲ್ಲೆಲ್ಲ ಹಳದಿ ಜ್ವಾಲೆ ಚಿಮ್ಮುತ್ತದೆ. ಅವರು ಮಾಂಸವನ್ನು ಪಕ್ಕಕ್ಕೆ ಸರಿಸುತ್ತಾರೆ, ಜ್ವಾಲೆ ತಗ್ಗಿದೊಡನೆ ಮತ್ತೆ ಎಳೆದುಕೊಳ್ಳುತ್ತಾರೆ, ಮಗುಚುತ್ತಾರೆ. ಈಚೆ ನರ್ಸಮ್ಮ ಮುಚ್ಚಳ ಮುಚ್ಚಿ ಕೋಸಿನ ಸಲಾಡ್ ತರಲು ಒಳಗೆ ಹೋಗಿ ಬಂದಿದ್ದಾರೆ. ಅವರ ಸ್ಟೀಕ್ ಮೇಲೆ ಕಂಬಿಯ ಗೆರೆಗಳು ಕಪ್ಪಗೆ ಒತ್ತಾಗಿ ಮೂಡಿವೆ, ಗೆರೆಗಳ ನಡುವಿನ ಜಾಗ ಇನ್ನೂ ಬೂದುಗಂದು. ಅಜ್ಜನ ಸ್ಟೀಕ್‌ನಲ್ಲಿ ಗೆರೆ ಎದ್ದು ಕಾಣುವುದೇ ಇಲ್ಲ, ಅಂಚಿನಿಂದ ಅಂಚಿಗೆ ಒಂದೇ ಗಾಢ ಕಂದು.

ಆ ಬಣ್ಣದಲ್ಲೇ ರುಚಿಯಿದೆ. ಮಾಂಸದ ಅಮೈನೋ ಆಮ್ಲಗಳೂ ಸಕ್ಕರೆಗಳೂ ಬಿಸಿಯಲ್ಲಿ ಕೂಡಿ ನೂರಾರು ಹೊಸ ಪರಿಮಳಗಳನ್ನು ಹುಟ್ಟಿಸುತ್ತವೆ. ಇದನ್ನು 1912ರಲ್ಲಿ ವಿವರಿಸಿದವನು ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮೈಯಾರ್. ಈ ಕ್ರಿಯೆ ಬಿರುಸಾಗಬೇಕಾದರೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹೊರಮೈಯಲ್ಲಿ ನೀರು ಇರುವವರೆಗೂ ಅದರ ಉಷ್ಣಾಂಶ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅದಕ್ಕೇ ಮಾಂಸವನ್ನು ಒರೆಸಿ ಒಣಗಿಸುವುದು. ಹೊರಗೆ ಕಂದುಗಟ್ಟಬೇಕು, ಒಳಗೆ ಕೆಂಪು ಉಳಿಯಬೇಕು. ಸ್ಟೀಕ್ ಪ್ರಿಯರು ಮೀಡಿಯಂ ರೇರ್ ಎನ್ನುವ ಹದದಲ್ಲಿ ನಡುಭಾಗ 54ರಿಂದ 57 ಡಿಗ್ರಿ ಇರುತ್ತದೆ. ಕೃಷಿ ಇಲಾಖೆ ಸುರಕ್ಷತೆಗಾಗಿ ಹೇಳುವುದು 63 ಡಿಗ್ರಿ, ಇಳಿಸಿದ ಮೇಲೆ 3 ನಿಮಿಷ ವಿಶ್ರಾಂತಿ. ಹೊರಮೈ ಕಂದಲು ತಡವಾದಷ್ಟೂ ಒಳಗಿನ ಹದ ಕೈಬಿಟ್ಟು ಹೋಗುತ್ತದೆ. ಹಾಗಾಗಿ ಸ್ಟೀಕ್‌ಗೆ ಬೇಕಾದದ್ದು ಸ್ವಲ್ಪ ಹೊತ್ತಿನ ಅತಿ ಬಿರುಸಾದ ಬೆಂಕಿ.

ಕೆಂಡ ಗೆಲ್ಲುವುದು ಇಲ್ಲೇ. ಗ್ಯಾಸಿನ ನೀಲಿ ಜ್ವಾಲೆ ಬಲು ಬಿಸಿ, ನಿಜ. ಆದರೆ ಅದು ಮಾಂಸಕ್ಕೆ ನೇರವಾಗಿ ಸೂಸುವ ಕಾವು ಕಡಿಮೆ. ಅದು ಮೊದಲು ಗಾಳಿಯನ್ನೂ ಲೋಹದ ತಗಡುಗಳನ್ನೂ ಕಾಯಿಸುತ್ತದೆ, ಮಾಂಸಕ್ಕೆ ಶಾಖ ಮುಟ್ಟುವುದು ಅವುಗಳ ಮೂಲಕ. ಕೆಂಡ ತಾನೇ ಹೊಳೆಯುತ್ತದೆ, ಕಾವನ್ನು ನೇರವಾಗಿ ಮೇಲಕ್ಕೆ ಸೂಸುತ್ತದೆ. ಕಾದ ವಸ್ತು ಸೂಸುವ ಶಾಖ ಅದರ ಉಷ್ಣಾಂಶದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಇಲ್ಲಿ ಉಷ್ಣಾಂಶವನ್ನು ಎಣಿಸುವುದು ಕೆಲ್ವಿನ್ ಮಾನದಲ್ಲಿ. 400 ಡಿಗ್ರಿ ಸೆಲ್ಸಿಯಸ್‌ಗೆ ಕಾದ ತಗಡಿಗಿಂತ 800 ಡಿಗ್ರಿಯ ಕೆಂಡ ಅಷ್ಟೇ ಜಾಗದಿಂದ ಆರು ಪಟ್ಟಿಗೂ ಹೆಚ್ಚು ಕಾವು ಸೂಸುತ್ತದೆ. ಇನ್ನೊಂದು ವ್ಯತ್ಯಾಸ ತೇವದ್ದು. 1 ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಚೆನ್ನಾಗಿ ಸುಟ್ಟ ಇದ್ದಿಲು ಹೆಚ್ಚುಕಡಿಮೆ ಇಂಗಾಲವೇ, ಅದರ ಬೆಂಕಿ ಒಣಬೆಂಕಿ. ಗರಿಗರಿ ಹೊರಪದರಕ್ಕೆ ಒಣಬೆಂಕಿ ಒಳ್ಳೆಯದು.

ಆದರೆ ಇದ್ದಿಲಿನ ಪರವಾಗಿ ಎಲ್ಲರೂ ಹೇಳುವ ಮಾತೊಂದನ್ನು ನಾನು ಒಪ್ಪುವುದಿಲ್ಲ. ಸ್ಟೀಕ್‌ಗೆ ಬರುವುದು ಇದ್ದಿಲ ರುಚಿ ಎನ್ನುತ್ತಾರೆ. ಮರ ಇದ್ದಿಲಾಗುವಾಗಲೇ ಅದರ ಪರಿಮಳದ ಬಹುಪಾಲು ಹೊಗೆಯಾಗಿ ಹೋಗಿರುತ್ತದೆ. ಬೂದಿ ಮುಚ್ಚಿದ ಕೆಂಡಕ್ಕೆ ತನ್ನದೆಂಬ ವಾಸನೆ ತೀರಾ ಕಡಿಮೆ. ನಮ್ಮ ಮೂಗಿಗೆ ಬಡಿಯುವ ಘಮ ಆ ಮಾಂಸದ್ದೇ ಕೊಬ್ಬಿನದು. ತೊಟ್ಟಿಕ್ಕಿದ ಕೊಬ್ಬು ಬೆಂಕಿಗೆ ಬಿದ್ದು ಹೊಗೆಯಾಗಿ ಏರಿ, ತಾನು ಬಿಟ್ಟುಬಂದ ಮಾಂಸವನ್ನೇ ಮತ್ತೆ ಹತ್ತುತ್ತದೆ. ಗ್ಯಾಸ್ ಗ್ರಿಲ್‌ನಲ್ಲೂ ಕಾದ ತಗಡಿನ ಮೇಲೆ ಕೊಬ್ಬು ಬಿದ್ದು ಇದೇ ಹೊಗೆ ಏಳುತ್ತದೆ, ಪ್ರಮಾಣ ಮಾತ್ರ ಕಡಿಮೆ. ಆದ್ದರಿಂದ ಅರ್ಧ ಅಂಗುಲದ ತೆಳು ಸ್ಟೀಕ್ ಎರಡು ಮೂರು ನಿಮಿಷದಲ್ಲಿ ಬೆಂದು ಇಳಿಯುವಾಗ ಯಾವ ಒಲೆಯದೆಂದು ತಿಂದು ಹೇಳುವುದು ಕಷ್ಟ. ದಪ್ಪ ತುಂಡಿನಲ್ಲಿ, ಕೊಬ್ಬು ಹೆಚ್ಚಿರುವ ತುಂಡಿನಲ್ಲಿ ವ್ಯತ್ಯಾಸ ನಾಲಿಗೆಗೆ ತಿಳಿಯುತ್ತದೆ. ಮರದ ಪರಿಮಳವೇ ಬೇಕೆಂದರೆ ಕೆಂಡದ ಮೇಲೆ ಓಕ್ ಅಥವಾ ಹಿಕರಿ ಮರದ ಒಣ ತುಂಡೊಂದನ್ನು ಇಡಬೇಕು. ಬೇಗ ಹೊತ್ತಲೆಂದು ಇದ್ದಿಲಿಗೆ ಎಣ್ಣೆ ಸುರಿದು, ಅದು ಪೂರ್ತಿ ಉರಿದುಹೋಗುವ ಮೊದಲೇ ಮಾಂಸ ಇಟ್ಟರೆ ಸೀಮೆಎಣ್ಣೆಯ ನಾತ ಮಾಂಸಕ್ಕೆ ಹತ್ತುತ್ತದೆ. ಅಂಥ ಕೆಂಡಕ್ಕಿಂತ ಗ್ಯಾಸ್ ಎಷ್ಟೋ ಮೇಲು.

ಹೊಗೆಯ ವಿಷಯದಲ್ಲಿ ಎಚ್ಚರವೂ ಬೇಕು. ಕೊಬ್ಬು ಉರಿದ ಹೊಗೆಯಲ್ಲೂ ಕರಕಲಾದ ಮಾಂಸದಲ್ಲೂ ದೇಹಕ್ಕೆ ಒಳ್ಳೆಯದಲ್ಲದ ರಾಸಾಯನಿಕಗಳಿರುತ್ತವೆ. ಅಂಚಿನ ಹೆಚ್ಚುವರಿ ಕೊಬ್ಬನ್ನು ಕತ್ತರಿಸಿ, ಆಗಾಗ ಮಗುಚಿ, ಜ್ವಾಲೆ ನೆಕ್ಕದಂತೆ ಸರಿಸಿದರೆ ಅವು ಕಡಿಮೆಯಾಗುತ್ತವೆ. ಕಂದು ಬೇಕು, ಕಪ್ಪು ಬೇಡ. ಎರಡು ಒಲೆಗಳೂ ಬಯಲಿನವು, ಗ್ಯಾರೇಜಿನೊಳಗೆ ಹೊತ್ತಿಸುವಂಥವಲ್ಲ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಗ್ಯಾಸ್ ಗ್ರಿಲ್ ಹೊತ್ತಿಸುವಾಗ ಮುಚ್ಚಳ ತೆರೆದೇ ಇರಬೇಕು, ಪೈಪಿನ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಮೇಲೆ ತಣ್ಣಗೆ ಕಾಣುವ ಬೂದಿಯೊಳಗೆ ಮರುದಿನವೂ ಕಿಡಿಯಿರಬಹುದು. ಅದು ಮುಚ್ಚಳವಿರುವ ಲೋಹದ ಡಬ್ಬಿಗೆ ಹೋಗಬೇಕೇ ಹೊರತು ಪ್ಲಾಸ್ಟಿಕ್ ಕಸದ ತೊಟ್ಟಿಗಲ್ಲ.

ಹಿತ್ತಲೇ ಇಲ್ಲದವರ ಪಾಡು ಬೇರೆ. ನಗರದೊಳಗಿನ ಅಪಾರ್ಟ್‌ಮೆಂಟುಗಳಲ್ಲಿ ಮರದ ಬಾಲ್ಕನಿಯ ಮೇಲೆ ಇದ್ದಿಲು ಹೊತ್ತಿಸಲು ಎಷ್ಟೋ ಮಾಲೀಕರು ಬಿಡುವುದಿಲ್ಲ, ಕೆಲವು ಕಡೆ ದೊಡ್ಡ ಸಿಲಿಂಡರಿಗೂ ಅವಕಾಶವಿಲ್ಲ. ಅವರೆಲ್ಲ ಬೇಸಿಗೆಯ ಭಾನುವಾರ ಉದ್ಯಾನಗಳಿಗೆ, ಮಿಶಿಗನ್ ಸರೋವರದ ದಡಕ್ಕೆ ಬರುತ್ತಾರೆ. ಕಡಲಿನಷ್ಟೇ ವಿಸ್ತಾರವಾದ ನೀಲಿ ನೀರು, ದಡದ ಹುಲ್ಲಿನ ಮೇಲೆ ಸಾಲಾಗಿ ಗ್ರಿಲ್‌ಗಳು. ಒಂದು ಕಡೆ ಮೆಕ್ಸಿಕೋ ಮೂಲದ ಕುಟುಂಬ ನಿಂಬೆ, ಮೆಣಸಿನಕಾಯಿಯಲ್ಲಿ ನೆನೆಸಿದ ತೆಳು ದನದ ಮಾಂಸವನ್ನು ಸುಡುತ್ತಿದೆ. ಇನ್ನೊಂದು ಕಡೆ ಪೋಲೆಂಡ್ ಮೂಲದವರ ಸಾಸೇಜ್ ಬಿರಿಯುತ್ತಿದೆ. ಕನ್ನಡದ ಮಾತು ಕೇಳಿಬರುವ ಗುಂಪೂ ಒಮ್ಮೊಮ್ಮೆ ಇರುತ್ತದೆ. ಅಲ್ಲಿ ಕಂಬಿಯ ಒಂದು ತುದಿಗೆ ಕೋಳಿ, ಇನ್ನೊಂದು ತುದಿಗೆ ಪನೀರ್, ನಡುವೆ ಮುಸುಕಿನ ಜೋಳದ ತೆನೆ. ನಂದಿಬೆಟ್ಟದ ದಾರಿಯಲ್ಲಿ ಬೀಸಣಿಗೆ ಬೀಸುತ್ತ ಸುಟ್ಟು, ನಿಂಬೆಹೋಳನ್ನು ಉಪ್ಪು ಖಾರದಲ್ಲಿ ಅದ್ದಿ ಉಜ್ಜಿ ಕೊಡುತ್ತಾರಲ್ಲ, ಇಲ್ಲಿನ ತೆನೆಯೂ ಹಾಗೇ ಸಿದ್ಧವಾಗುತ್ತದೆ. ಕೆಂಡದ ಮೇಲೆ ಜೋಳ ಸುಟ್ಟು ತಿಂದವರಿಗೆ ಬೇಲಿಯಾಚೆಯ ಅಜ್ಜನ ಹಟ ಅರ್ಥವಾಗಲು ಸ್ಟೀಕ್ ತಿನ್ನಬೇಕೆಂದೇನಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮನೆ ಮಾಡಿಕೊಂಡು ಮೊದಲ ಬೇಸಿಗೆಗೆ ಸಜ್ಜಾಗುವವರೆಲ್ಲ ಅಂಗಡಿಯಲ್ಲಿ ನಿಂತು ಕೇಳುವ ಪ್ರಶ್ನೆಯಿದು. ಮೂರು ಬರ್ನರಿನ ಒಳ್ಳೆಯ ಗ್ಯಾಸ್ ಗ್ರಿಲ್‌ಗೆ ಕೆಟಲ್‌ನ ಎರಡು ಮೂರು ಪಟ್ಟು ಬೆಲೆ. ಪ್ರತಿಯಾಗಿ ಅದು ಕೆಲಸದ ದಿನದ ಸಂಜೆಗಳನ್ನು ಕೊಡುತ್ತದೆ. ಬುಧವಾರ ಏಳು ಗಂಟೆಗೆ ಮನೆ ಸೇರಿದವರು ಏಳೂವರೆಗೆ ಮಕ್ಕಳಿಗೆ ಬಡಿಸಬಹುದು. ಮೀನು, ತರಕಾರಿ, ಕೋಳಿಯ ತುಂಡು, ಬರ್ಗರ್, ಯಾವುದಕ್ಕೂ ಗ್ಯಾಸ್ ಸಾಲದು ಎನ್ನುವಂತಿಲ್ಲ. ದಿನವಿಡೀ ರೋಗಿಗಳ ನಡುವೆ ನಿಂತು ಬಂದ ಆ ತಾಯಿಗೆ ಗುಂಡಿ ಒತ್ತಿದೊಡನೆ ಹೊತ್ತುವ ಬೆಂಕಿ ದೊಡ್ಡ ಉಪಕಾರ. ಅದನ್ನು ಸೋಮಾರಿಗಳ ಒಲೆ ಎನ್ನುವವರ ಮಾತು ನನಗೆ ಸರಿ ಕಾಣುವುದಿಲ್ಲ. ಗ್ಯಾಸ್ ಒಂದೇ ಇರುವವರು ಸ್ಟೀಕ್ ಮಾಡುವಾಗ ಬೀಡುಕಬ್ಬಿಣದ ಬಾಣಲೆಯನ್ನು ಗ್ರಿಲ್ ಮೇಲೇ ಚೆನ್ನಾಗಿ ಕಾಯಿಸಿ ಅದರಲ್ಲಿ ಕಂದಿಸಲಿ. ಗೆರೆಗಳ ನಡುವಿನ ಬೂದುಬಣ್ಣ ಮಾಯವಾಗಿ ಇಡೀ ಮೈ ಕಂದುಗಟ್ಟುತ್ತದೆ. ಕೊಬ್ಬಿನ ಹೊಗೆ ಇರುವುದಿಲ್ಲ, ಹೊರಪದರಕ್ಕೆ ಮಾತ್ರ ಕೊರತೆಯಾಗುವುದಿಲ್ಲ.

ಆದರೂ ದಪ್ಪ ಸ್ಟೀಕ್ ಒಂದರ ಮಟ್ಟಿಗೆ ನನ್ನ ಆಯ್ಕೆ ಕೆಂಡವೇ. ಕಾವಿನ ಲೆಕ್ಕ ಅದರ ಕಡೆಗಿದೆ ಎಂಬುದು ಮೊದಲ ಕಾರಣ. ಎರಡನೆಯದು ನನಗೆ ಇನ್ನೂ ಮುಖ್ಯ. ಸ್ಟೀಕ್ ದಿನನಿತ್ಯದ ಊಟವಲ್ಲ. ಒಂದು ದೊಡ್ಡ ಪ್ರಾಣಿಯ ಜೀವ ಹೋಗಿದೆ, ಅದನ್ನು ಸಾಕಲು ಹೊಲಗಟ್ಟಲೆ ಜೋಳ ಬೆಳೆದಿದೆ, ಆ ಇಡೀ ದೇಹದಲ್ಲಿ ಇಂಥ ತುಂಡುಗಳು ಸಿಗುವುದು ಕೆಲವೇ. ಅಷ್ಟು ಬೆಲೆಯದನ್ನು ಎದುರಿಗಿಟ್ಟುಕೊಂಡವರು ಹತ್ತು ನಿಮಿಷ ಅದರ ಮುಂದೆ ನಿಲ್ಲಬೇಕು. ಗ್ಯಾಸ್ ನಮ್ಮನ್ನು ಒಳಗೆ ಹೋಗಲು ಬಿಡುತ್ತದೆ, ಕೆಂಡ ಬಿಡುವುದಿಲ್ಲ. ಗಾಳಿ ಎತ್ತ ಬೀಸಿತು, ಕೊಬ್ಬು ಎಲ್ಲಿ ತೊಟ್ಟಿಕ್ಕಿತು, ಯಾವ ಅಂಚು ಕಂದಿತು ಎಂದು ಗಮನಿಸುತ್ತಲೇ ಇರಬೇಕಾಗುತ್ತದೆ. ವಾರದ ದಿನಗಳಿಗೆ ಗ್ಯಾಸ್ ಇರಲಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸ್ಟೀಕ್ ಅಪರೂಪಕ್ಕೆ ಬರಲಿ, ದಪ್ಪ ತುಂಡೇ ಬರಲಿ. ಅದು ಬಂದ ದಿನ ಅರ್ಧ ಗಂಟೆ ಮೊದಲೇ ಚಿಮಣಿಗೆ ಇದ್ದಿಲು ತುಂಬಿ, ಎಲ್ಲದಕ್ಕೂ ಬೂದಿ ಬರುವವರೆಗೆ ಕಾಯಿರಿ.